ಸಾಹುಕಾರರು ಗಾಡಿಯಿಂದ ಜಿಗಿದದ್ದು

ಓಡುತ್ತಿದ್ದ ಚಕ್ಕಡಿಯಲ್ಲಿ ಜನರಿಗೆ ಕೈಮುಗಿಯಲೆಂದು ಎದ್ದು ನಿಂತ ಸಾಹುಕಾರರು ನಮ್ಮ ಕಣ್ಣೆದುರೇ ಹಿಂದಕ್ಕೆ ಉರುಳಿ ಧೂಳಿನಲ್ಲಿ ಬಿದ್ದರು. ಗಾಡಿ ಹೊಡೆಯುತ್ತಿದ್ದ ಇನಾಸ ಒಮ್ಮೆ ತಿರುಗಿ ನೋಡಿದ.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಧಾರವಾಡದಿಂದ ಬಂದು ಅಲ್ಲಿ ಕೆಲಸಕ್ಕೆ ಸೇರಿದ್ದ ನಾನು ಚಕ್ಕಡಿ ಓಟದ ಶರ್ಯತ್ತು ನೋಡಲು ಹತ್ತಿರದ ತೇರಗಾಂವಕ್ಕೆ ಹೋಗಿದ್ದೆ. ಇನಾಸ ಅಲ್ಲಿನ ಕಾಡಂಚಿನ ಸಿದ್ದಿ ಸಮುದಾಯದ ತರುಣ. ಅವರಿವರ ಮುದಿ ಎತ್ತು ಕಟ್ಟಿಯೇ ಗೆದ್ದವನು. ಅದನ್ನು ಕೇಳಿ, ಆ ಸೀಮೆಯಲ್ಲೇ ಹೆಸರಾದ ಜೋಡೆತ್ತುಗಳ ಒಡೆಯರಾದ ಸಾಹುಕಾರರು ಅವನನ್ನು ಕರೆಸಿಕೊಂಡಿದ್ದರು. ಅವರ ಎತ್ತುಗಳೊಡನೆ ಅಂದು ಅವನ ಮೊದಲ ಓಟ. ಗೆಲುವು ತಮ್ಮದೇ ಎಂದು ನಂಬಿದ ಸಾಹುಕಾರರು ಜರಿ ರುಮಾಲು ಸುತ್ತಿ ತಾವೂ ಗಾಡಿ ಏರಿದ್ದರು.

"ನಿಂದರ್ಸೋ, ಧಣ್ಯಾರು ಬಿದ್ರು!" ಎಂದು ಅವರ ಕಡೆಯವರು ಕೂಗಿದರು. ನಿಲ್ಲಿಸಿದರೆ ಓಟ ಹೋಗುತ್ತಿತ್ತು, ನಿಲ್ಲಿಸದಿದ್ದರೆ ಕೆಲಸ. ಇನಾಸ ಎತ್ತುಗಳ ಬಾಲ ತಿರುವಿದ. ಹಗುರಾದ ಗಾಡಿ ಎಲ್ಲರನ್ನೂ ಹಿಂದೆ ಹಾಕಿತು.

ಧೂಳು ಕೊಡವಿಕೊಳ್ಳುತ್ತ ಬಂದ ಸಾಹುಕಾರರು ಹಾರಕ್ಕೆ ಕೊರಳೊಡ್ಡಿ, "ಗಾಡಿ ಹಗುರ ಆಗ್ಲಿ ಅಂತ ನಾನಽ ಜಿಗದೆ" ಎಂದರು. ಅವರ ಕಡೆಯವರು ಚಪ್ಪಾಳೆ ತಟ್ಟಿದರು.

"ಖರೇನ ಏನೋ?" ಎಂದು ಯಾರೋ ಇನಾಸನನ್ನು ಕೇಳಿದರು. ಅವನು ಎತ್ತಿನ ಬೆನ್ನು ಸವರುತ್ತ, "ಹೌದ್ರಿ, ಧಣ್ಯಾರು ಜಿಗದದ್ದಕ್ಕಽ ಗೆದ್ದಿವಿ. ಮುಂದಿನ ಸಲ ಸುರೂಕಽ ಜಿಗದ್ರ ಇನ್ನೂ ಲಗೂನ ಮುಟ್ತೇವ್ರಿ" ಎಂದ. ಸಾಹುಕಾರರು ಗಂಭೀರವಾಗಿ ತಲೆಯಾಡಿಸಿದರು.

ಮುಂದಿನ ಶರ್ಯತ್ತಿನಲ್ಲಿ ಅವರು ಗಾಡಿ ಹತ್ತಲೇ ಇಲ್ಲವಂತೆ. ನಾನು ಕಾರ್ಖಾನೆಯಲ್ಲಿ ಎಷ್ಟೋ ಅಧಿಕಾರಿಗಳ ಕೈಕೆಳಗೆ ದುಡಿದೆ. ಅಷ್ಟು ವಿನಯದಿಂದ ಒಬ್ಬರನ್ನಾದರೂ ಕೆಳಗಿಳಿಸುವುದು ನನಗೆ ಸಾಧ್ಯವಾಗಲಿಲ್ಲ.