ಗಾಳಿ ಹಿಡಿಯುವ ಹೀರಾಬಾಯಿ

ಪುಣೆಯ ವಿಜ್ಞಾನಿಗಳು ಎಂಬತ್ತಾರನೇ ಇಸವಿಯಲ್ಲಿ ಅಫಜಲಪುರಕ್ಕೆ ಬಂದು, ಗಾಳಿಯ ಧೂಳು ಹಿಡಿಯುವ ಯಂತ್ರವನ್ನು ಹೀರಾಬಾಯಿಯ ಮಾಳಿಗೆಯ ಮೇಲೆ ಇಟ್ಟುಹೋದಂದಿನಿಂದ ಅವಳ ಕಾಲು ನೆಲದ ಮೇಲೆ ನಿಂತಿಲ್ಲ. ರೊಟ್ಟಿ ಬಡಿದು ಮುಗಿದದ್ದೇ ತಡ, ಏಣಿ ಹತ್ತಿ ಯಂತ್ರದ ಬಿಳಿ ಕಾಗದ ಬದಲಿಸುತ್ತಾಳೆ; ತೆಗೆದವುಗಳನ್ನು ವಾರಕ್ಕೊಮ್ಮೆ ಲಕೋಟೆಯಲ್ಲಿಟ್ಟು ಪುಣೆಗೆ ಕಳಿಸುತ್ತಾಳೆ. ತೆಗೆದ ಕಾಗದದ ಬಣ್ಣ ನೋಡಿಯೇ ಇದು ಬಸ್ ಸ್ಟ್ಯಾಂಡಿನ ಧೂಳು, ಇದು ಇಟ್ಟಂಗಿ ಭಟ್ಟಿಯ ಹೊಗೆ ಎಂದು ಹೇಳಿಬಿಡುತ್ತಾಳೆ. ಮೂವತ್ತು ವರ್ಷ ಕಸ ಉಡುಗಿದವಳಿಗೆ ಧೂಳು ತನ್ನ ಊರು ಮುಚ್ಚಿಡುವುದೇ? ಮೋಡದ ಪ್ರತಿ ಹನಿಯೂ ಒಂದು ಕಣದ ಸುತ್ತಲೇ ಕಟ್ಟುತ್ತದೆ, ಹೊಗೆ ಅತಿಯಾದರೆ ಹನಿ ಸಣ್ಣದಾಗಿ ಮಳೆ ತಡೆಯುತ್ತದೆ ಎಂದು ಆ ವಿಜ್ಞಾನಿಗಳಿಂದ ಕೇಳಿದ ಮೇಲಂತೂ ಓಣಿಯ ಹೆಂಗಸರಿಗೆಲ್ಲ, "ಕಸಬರಗಿ ಮೆಲ್ಲಕ ಆಡಸ್ರಿ, ಮೋಡದ ಬೀಜ ಹಾರಾಕತ್ತಾವ," ಎನ್ನುತ್ತಾಳೆ. ಗಂಡ ಜಗದೇವಪ್ಪನಿಗೆ ಮಾತ್ರ ಅವಳದು ಒಂದೇ ಮಾತು: "ಅಡಗಿಮನಿಗೆ ಗವಾಕ್ಷಿ ತೆಗಸ್ರಿ, ಹೊಗಿ ತಡ್ಯಾಕ ಆಗವಲ್ದು." ಅವನದೂ ಒಂದೇ ಉತ್ತರ: "ನಮ್ಮವ್ವ ಅದೇ ಒಲಿ ಮುಂದ ನಲವತ್ತು ವರ್ಷ ಕುಂತಾಳ, ನಿನಗೇನಾಗೇದ ಬೇ?" ಈ ವಾರ ಅವಳು ಒಂದು ಕಾಗದವನ್ನು ಒಲೆಯ ಮೇಲಿನ ಗೂಟಕ್ಕೆ ತೂಗುಹಾಕಿದಳು. ಒಂದೇ ದಿನಕ್ಕೆ ಅದು ಕಾಡಿಗೆಯಾಯಿತು. ಅದನ್ನೂ ಪುಣೆಯ ಲಕೋಟೆಗೆ ಸೇರಿಸಿ, ಚೀಟಿಯಲ್ಲಿ ದುಂಡಗೆ ಬರೆದಳು: "ಇದು ಮಾಳಿಗಿ ಮ್ಯಾಲಿನ ಗಾಳಿ ಅಲ್ರಿ, ನಾ ಉಸರಾಡೂ ಗಾಳಿ. ಇದರ ಉತ್ತರ ನಮ್ಮ ಮನಿಯವರ ಹೆಸರಿಗೇ ಬರೀರಿ."