ಕುರ್ಚಿ ಎತ್ತಿದ ಸಾಕ್ಷಿ

ನಮ್ಮ ದೊಡ್ಡಮ್ಮನಿಗೆ ಲಾಂಡ್ರಿಯಲ್ಲಿ ಎಲ್ಲರೂ ‘ಜೋಡೆತ್ತು’ ಎನ್ನುತ್ತಿದ್ದರು. ಇಬ್ಬರು ಸೇರಿ ಎತ್ತುವ ಒದ್ದೆ ಬಟ್ಟೆಯ ಬುಟ್ಟಿಯನ್ನು ಅವಳೊಬ್ಬಳೇ ಸೊಂಟಕ್ಕೇರಿಸಿಕೊಂಡು ಒಣಹಾಕುವ ಮಹಡಿಗೆ ಹತ್ತುತ್ತಿದ್ದಳು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಅವನ್ನು ಮಡಚಲು ಇಬ್ಬರು ಬೇಕು. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಒಮ್ಮೆ ಜೋರಾಗಿ ಎಳೆದರೆ ಸುಕ್ಕು ಬಿಡುತ್ತದೆ. ದೊಡ್ಡಮ್ಮ ಎಳೆದರೆ ಆ ಕಡೆಯವರು ಕಾಲೂರಿ ನಿಲ್ಲಬೇಕಿತ್ತು.

ದೊಡ್ಡಪ್ಪ ಗಡಿಯಾರ ರಿಪೇರಿಯವರು. ದಿನವಿಡೀ ಅವರು ಎತ್ತುವ ದೊಡ್ಡ ಭಾರವೆಂದರೆ ಚಿಮಟ. ಆದರೆ ಚರ್ಚಿನ ಪ್ರಾರ್ಥನಾ ಗುಂಪಿಗೆ ಅವರೇ ಹಿರಿಯರು, ಗಂಟಲೂ ಅದಕ್ಕೆ ತಕ್ಕಂತಿತ್ತು. ನಾನು ಅವರ ಕೆಳಗಿನ ಮನೆಯಲ್ಲೇ ಇದ್ದವಳು. ಅವರು ದೇವರಿಗೆ ಹೇಳಿದ್ದೆಲ್ಲ ನನಗೂ ಗೊತ್ತಾಗುತ್ತಿತ್ತು.

ಒಂದು ಚಳಿಗಾಲ ದೊಡ್ಡಮ್ಮನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್, ಕೈಗೆ ಸೂಜಿ. ಹೊರಗೆ ಬೆಂಚಿನ ಮೇಲೆ ಗುಂಪಿನವರ ಪ್ರಾರ್ಥನೆ. ಜ್ವರ ಬಿಟ್ಟಿತು. ನಾನೂ ಅದೇ ಚರ್ಚಿನವಳು, ಪ್ರಾರ್ಥನೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮನೆಗೆ ಬಂದ ಮೇಲೆ ದೊಡ್ಡಪ್ಪನ ಬಾಯಲ್ಲಿ ಡಾಕ್ಟರ ಹೆಸರೇ ಇಲ್ಲವಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು: ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಬೇಕು, ಮಧ್ಯಾಹ್ನ ಮಲಗಬೇಕು, ದಿನಕ್ಕಿಷ್ಟು ಹೆಚ್ಚಿಸುತ್ತ ನಡೆಯಬೇಕು, ಭಾರ ಎತ್ತಬಾರದು. ಮನೆಯಲ್ಲಿ ನಡೆದದ್ದು ಇದರ ತದ್ವಿರುದ್ಧ. ದೇವರು ಅರ್ಧಂಬರ್ಧ ಗುಣಪಡಿಸುವುದಿಲ್ಲ ಎಂಬುದು ದೊಡ್ಡಪ್ಪನ ವಾದ. ಹಾಗಾದರೆ ಇವಳಿಗೆ ಇನ್ನೂ ಸುಸ್ತು ಯಾಕೆ? ನಂಬಿಕೆ ಕಮ್ಮಿ. ಅದಕ್ಕೇನು ಮದ್ದು? ಉಪವಾಸ ಪ್ರಾರ್ಥನೆ. ಬುಧವಾರ, ಶುಕ್ರವಾರ ಇಡೀ ಗುಂಪು ಅವಳ ಬಲಕ್ಕಾಗಿ ಉಪವಾಸ ಕೂತಿತು, ಅವಳನ್ನೂ ಕೂರಿಸಿತು. ಯಾರಿಗೋಸ್ಕರ ಪ್ರಾರ್ಥನೆಯೋ ಅವರೇ ಉಂಡರೆ ಹೇಗೆ ಎಂದು ಕೇಳಿದರು. ಶಕ್ತಿ ಬರಲೆಂದು ರೋಗಿಯನ್ನು ಉಪವಾಸ ಕೆಡವಿದ ಜನರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅವರು ಕೆಟ್ಟವರೂ ಅಲ್ಲ, ತಾವೂ ಉಣ್ಣದೆ ಕೂತಿದ್ದರು. ಆದರೆ ಅವರ ಮೈಯಲ್ಲಿ ಕರಗಿಸಲು ಏನಾದರೂ ಇತ್ತು.

ಮಧ್ಯಾಹ್ನ ಅವಳು ಕಣ್ಣು ಮುಚ್ಚಿದರೆ ದೊಡ್ಡಪ್ಪ ಕಿಟಕಿಯ ಪರದೆ ಸರಿಸಿ ಎಬ್ಬಿಸುತ್ತಿದ್ದರು. ಭಾನುವಾರ ಅವಳನ್ನು ವೇದಿಕೆಗೆ ಹತ್ತಿಸಿ, ದೇವರು ಗುಣಪಡಿಸಿದ್ದಕ್ಕೆ ಸಾಕ್ಷಿ ಹೇಳಿಸಿದರು. ಬರೀ ಮಾತು ಸಾಲದೆ, ಸಭಾಪಾಲಕರು ಕೂರುವ ಮರದ ಕುರ್ಚಿ ತೋರಿಸಿ, “ಎತ್ತಿ ತೋರ್ಸು” ಎಂದರು. ಅವಳು ಎತ್ತಿದಳು. ಸಭೆಯೆಲ್ಲ ಸ್ತೋತ್ರ ಸ್ತೋತ್ರ ಎಂದಿತು. ಆಮೇಲೆ ಚರ್ಚಿನ ಹಿಂದಿನ ನಲ್ಲಿಯ ಹತ್ತಿರ ಅವಳು ಬರೀ ನೀರನ್ನು ವಾಂತಿ ಮಾಡಿಕೊಂಡದ್ದನ್ನು ನೋಡಿದವಳು ನಾನೊಬ್ಬಳೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಲಾಂಡ್ರಿಯ ಮೇಜಿನ ಮುಂದಿನ ಅವಳ ಜಾಗ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರನ್ನು ಹಾಕುತ್ತೇನೆ ಎಂದು ಮಾಲೀಕ ಹೇಳಿ ಕಳಿಸಿದ್ದ. ಆ ಕೆಲಸ ಹೋದರೆ ದಿನವೆಲ್ಲ ಮನೆಯಲ್ಲಿ, ಆ ಗಂಟಲಿನ ಕೆಳಗೆ. ಹಾಗಾಗಿ ಗೋಡೆ ಹಿಡಿದು ನಡೆಯುವ ಸ್ಥಿತಿಯಲ್ಲೇ ಅವಳು ಕೆಲಸಕ್ಕೆ ಹೋದಳು.

ಅಲ್ಲಿ ಅವಳ ಎದುರು ನಿಂತು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಒಬ್ಬ ವಿಧವೆ. ನಮ್ಮ ಚರ್ಚಿನಲ್ಲೇ ಕೊನೆಯ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದು ಹೋಗುವವಳು. ಅವಳು ಎಂದಿನಂತೆ ಎಳೆದಳು. ದೊಡ್ಡಮ್ಮ ಬಟ್ಟೆಯ ಜೊತೆಗೇ ಬಂದು ಅವಳ ಎದೆಗೆ ಬಿದ್ದಳು. ವಿಧವೆ ಅವಳನ್ನು ಹಾಗೇ ಹಿಡಿದುಕೊಂಡು ಬಾಯ್ಲರ್ ಹಿಂದಿನ ಬೆಚ್ಚಗಿನ ಮೂಲೆಗೆ ಕರೆದೊಯ್ದಳು. ತನ್ನ ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಸುಲಿದಳು. ಇವತ್ತು ಶುಕ್ರವಾರ, ಬೇಡ ಎಂದು ದೊಡ್ಡಮ್ಮ ತಲೆಯಾಡಿಸಿದಳು.

“ಸತ್ತ ಹುಡುಗೀನ ಎಬ್ಬಿಸಿದ ಮೇಲೆ ಯೇಸುಸ್ವಾಮಿ ಏನಂದ್ರು? ಇವಳಿಗೆ ತಿನ್ನೋಕೆ ಏನಾದ್ರೂ ಕೊಡಿ ಅಂದ್ರು,” ಎಂದಳು ವಿಧವೆ. “ನಿನ್ನ ಗಂಡ ಅವರಿಗಿಂತ ದೊಡ್ಡೋರಾ? ಬಾಯಿ ತೆಗಿ.”

ದೊಡ್ಡಮ್ಮ ತಿಂದಳು, ಅಲ್ಲೇ ಮೂಟೆಗಳ ಮೇಲೆ ಮಲಗಿದಳು. ಅಂದಿನಿಂದ ಅದೇ ನಡೆಯಿತು. ಮೊಟ್ಟೆ, ಬ್ರೆಡ್ಡು, ಹಾಲು, ನಿದ್ದೆ. ಅಷ್ಟು ಹೊತ್ತು ವಿಧವೆ ಇಬ್ಬರ ಕೆಲಸವನ್ನೂ ಮಾಡುತ್ತಿದ್ದಳು. ದೊಡ್ಡಮ್ಮ ಮೊದಲು ದಿಂಬಿನ ಚೀಲ ಮಡಚಿದಳು, ಆಮೇಲೆ ಟವೆಲು, ಕೊನೆಗೆ ದೊಡ್ಡ ಹಾಸಿಗೆ ಬಟ್ಟೆ. ತಿಂಗಳ ಕೊನೆಗೆ ಮಾಲೀಕ ಬಂದು ನಿಂತಾಗ ಕಾಲೂರಿ ನಿಲ್ಲಬೇಕಾದ ಸರದಿ ವಿಧವೆಯದಾಗಿತ್ತು. ಚರ್ಚಿನಲ್ಲಿ ದೊಡ್ಡಪ್ಪ ಇದನ್ನು ಉಪವಾಸದ ಫಲವೆಂದು ಸಾರಿದರು. ದೊಡ್ಡಮ್ಮ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಭಯ ಎಂದುಕೊಂಡಿದ್ದೆ. ಅಲ್ಲ, ಕಾಯುತ್ತಿದ್ದಳು.

ಮುಂದಿನ ವರ್ಷ ದೊಡ್ಡಪ್ಪನಿಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟಿತು, ಡಾಕ್ಟರು ಮೆತ್ತಗಿನ ಊಟ ಹೇಳಿದರು. ಹಸಿವಿನಿಂದ ಹೊಟ್ಟೆ ಮಾತ್ರ ಬೆಂಕಿಯಾಯಿತು. ಗುಂಪಿನವರು ಪ್ರೀತಿಯಿಂದ ಓಡಿ ಬಂದರು. ಬುಧವಾರ, ಶುಕ್ರವಾರ ಉಪವಾಸ ಪ್ರಾರ್ಥನೆ ಎಂದು ಗೊತ್ತುಮಾಡಿದವಳು ದೊಡ್ಡಮ್ಮನೇ. ಗುಂಪಿನ ಹಿರಿಯರಾದ ದೊಡ್ಡಪ್ಪ ಬೇಡವೆನ್ನಲು ಸಾಧ್ಯವೇ? ಮಾಡಿದ್ದುಣ್ಣೋ ಮಹರಾಯ.

ಬುಧವಾರ ನಾನು ಮೇಲೆ ಹೋದಾಗ ಅವಳು ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಊಟ ಮಾಡಿದಳು. ಮೊಟ್ಟೆಯ ಸಿಪ್ಪೆ ಒಡೆಯುವ ಸದ್ದಿಗೆ ದೊಡ್ಡಪ್ಪ ಮಗ್ಗುಲು ಬದಲಿಸಿದರು. ಸಣ್ಣ ದನಿಯಲ್ಲಿ ಏನೋ ಕೇಳಿದರು. ಅವಳಿಗೆ ಕೇಳಿಸಿತು, ಏಳಲಿಲ್ಲ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಸಂಜೆಯ ಹೊತ್ತಿಗೆ ಅವರ ತುಟಿ ಬಿಳುಪಾಗಿದ್ದು ಕಂಡು ಆ ಖುಷಿ ಉಳಿಯಲಿಲ್ಲ.

ಶುಕ್ರವಾರ ಗುಂಪು ಮಂಚದ ಸುತ್ತ ಪ್ರಾರ್ಥಿಸಿ ಆಮೆನ್ ಎಂದಿತು. ದೊಡ್ಡಮ್ಮ ಮೂಲೆಯ ಕುರ್ಚಿಯನ್ನು ಎಳೆದು ನಡುವೆ ಇಟ್ಟಳು.

“ಪ್ರಾರ್ಥನೆ ಆಯ್ತಲ್ಲ,” ಎಂದಳು. “ಎದ್ದು ಇದನ್ನ ಎತ್ತಿ ತೋರ್ಸಿ.”

ದೊಡ್ಡಪ್ಪ ಎಲ್ಲರ ಮುಖ ನೋಡಿದರು, ಎದ್ದರು, ಬಗ್ಗಿ ಕುರ್ಚಿ ಹಿಡಿದರು. ಅದರ ಹಿಂದಿನ ಕಾಲು ನೆಲ ಬಿಡಲಿಲ್ಲ. ಅವರು ಮುಂದಕ್ಕೆ ವಾಲಿದರು. ಗುಂಪಿನವನೊಬ್ಬ ಹಿಡಿಯಲು ಬಂದಾಗ ದೊಡ್ಡಮ್ಮ ಅವನನ್ನು ಕೈಯಿಂದ ತಡೆದಳು. ದೊಡ್ಡಪ್ಪ ಪೂರ್ತಿ ಕುಸಿಯುವ ಗಳಿಗೆಯವರೆಗೂ ಬಿಟ್ಟಳು. ಆಮೇಲೆ ಮಗುವನ್ನು ಎತ್ತುವಂತೆ ಎತ್ತಿ ಅದೇ ಕುರ್ಚಿಯಲ್ಲಿ ಕೂರಿಸಿದಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಮೊದಲೇ ಸಿದ್ಧವಿತ್ತು. ತೊಡೆಯ ಮೇಲಿಟ್ಟಳು.

“ಇವರು ಹೋದ್ಮೇಲೆ,” ಎಂದು ಪಿಸುಗುಟ್ಟಿದರು ದೊಡ್ಡಪ್ಪ.

“ಇವರ ಮುಂದೇನೇ. ಇಲ್ಲಾಂದ್ರೆ ಬಟ್ಟಲು ತಗೊಂಡು ಹೋಗ್ತೀನಿ.”

ಅವರು ತಿಂದರು. ಗುಂಪಿನವರೆಲ್ಲ ನೋಡುತ್ತಿದ್ದಂತೆ, ಗಲ್ಲದ ಮೇಲೆ ಹಾಲು ಇಳಿಯುತ್ತಿದ್ದಂತೆ, ಅಳುತ್ತಾ ತಿಂದರು. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟರು. ಬಟ್ಟಲು ಬರಿದಾದ ಮೇಲೆ ದೊಡ್ಡಪ್ಪ ತಲೆ ಎತ್ತದೆ ಕೇಳಿದರು, “ಅವತ್ತು ನಿಂಗೂ ಹೀಗೇ ಆಗಿತ್ತಾ?”

“ಆಗಿತ್ತು. ಅವತ್ತು ನೀವು ಕೇಳ್ಲಿಲ್ಲ,” ಎಂದಳು ದೊಡ್ಡಮ್ಮ. ಬಟ್ಟಲಿಗೆ ಮತ್ತೆ ಹಾಲು ಸುರಿದು ಅವರ ಕೈಗಿಟ್ಟು, ಕೆಲಸಕ್ಕೆ ಹೊರಟಳು.