ನಮ್ಮತ್ತೆ ತುಂಬಿಕೊಟ್ಟ ಮೆತ್ತನೆ ತೋಟಾಗಳು

ನಮ್ಮತ್ತೆಯ ಬಲಭುಜದ ಮೇಲೆ ನೇರಳೆ ಹಣ್ಣು ಜಜ್ಜಿದ ಹಾಗೊಂದು ಕಲೆ. ಮದುವೆಯಾಗಿ ಚಾಮರಾಜಪೇಟೆಗೆ ಬಂದ ಹೊಸದರಲ್ಲಿ ಅವರ ತಲೆಗೆ ಎಣ್ಣೆ ಹಚ್ಚುವಾಗ ಅದು ಕಣ್ಣಿಗೆ ಬಿತ್ತು. "ಎಲ್ಲಾದ್ರೂ ಬಿದ್ರಾ ಅತ್ತೆ?" ಅಂದೆ.

"ಬೀಳ್ಲಿಲ್ಲ ಕಣೇ, ರೈಫಲ್ ಒದೀತು," ಅಂದರು, ಹಾಲುಕ್ಕಿತು ಅನ್ನುವಷ್ಟು ಸಲೀಸಾಗಿ.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತವರಿನ ಹೊಲದಲ್ಲಿ ಹಂದಿ ಬೆದರಿಸುವ ಬಂದೂಕು ನೋಡುತ್ತ ಬೆಳೆದು, ಇಲ್ಲಿಗೆ ಬಂದ ಮೇಲೆ ಊರಾಚೆಯ ರೈಫಲ್ ಕ್ಲಬ್ ಸೇರಿದ್ದರು. ತೋಟಾಗಳನ್ನು ತಾವೇ ತುಂಬಿಕೊಳ್ಳಲು ಅನುಮತಿಯೂ ಇತ್ತು. ಒಂದು ಭಾನುವಾರ ನನ್ನನ್ನೂ ಕರೆದೊಯ್ದರು. ಮೊದಲ ಗುಂಡಿಗೇ ಹೆಗಲು ಕಿತ್ತು ಬಂದಂತಾಯಿತು. ಆದರೆ ದೂರದ ಕಾಗದದಲ್ಲಿ ತೂತು ಬಿದ್ದಿತ್ತು! ಮನೆಗೆ ಬಂದು ಭುಜಕ್ಕೆ ಐಸ್ ಒತ್ತಿಕೊಂಡೂ ಅದನ್ನೇ ಬಡಬಡಿಸುತ್ತಿದ್ದೆ.

"ಹಾಗಾದ್ರೆ ಒದೆತ ಕಡಿಮೆ ಮಾಡೋಣ," ಅಂದರು ಅತ್ತೆ.

ಉಪಾಯ ಇಷ್ಟೇ: ರೈಫಲ್ಲಿನ ಮದ್ದಿನ ಬದಲು ಪಿಸ್ತೂಲಿನ ಮದ್ದು. ಅದು ಬೇಗ ಉರಿಯುತ್ತದೆ, ಸ್ವಲ್ಪವೇ ಸಾಕು. ಗುಂಡು ನಿಧಾನವಾಗಿ ಹೋಗುತ್ತದೆ, ಹೆಗಲಿಗೆ ಪೆಟ್ಟಿಲ್ಲ. ಅಪಾಯವೂ ಅಲ್ಲೇ. ಉದ್ದನೆಯ ಹಿತ್ತಾಳೆ ತೋಟಾದ ತಳದಲ್ಲಿ ಅಷ್ಟೇ ಅಷ್ಟು ಮದ್ದು, ಮಿಕ್ಕಿದ್ದೆಲ್ಲ ಖಾಲಿ. ಮರೆತು ಇನ್ನೊಮ್ಮೆ ಸುರಿದರೂ ತುಳುಕುವುದಿಲ್ಲ. ಹಾರಿಸಿದಾಗ ರೈಫಲ್ಲೇ ಸಿಡಿಯುತ್ತದೆ. ಅದಕ್ಕೇ ಅತ್ತೆ ಮೊಬೈಲ್ ಆಫ್ ಮಾಡಿ ಕೂರುತ್ತಿದ್ದರು. ಮೇಜಿನ ಮೇಲೆ ಮದ್ದಿನದು ಒಂದೇ ಡಬ್ಬ, ಒಂದು ತಕ್ಕಡಿ, ಎಷ್ಟು ಮದ್ದು ಹಾಕಬೇಕೆಂದು ಮದ್ದಿನ ಕಂಪನಿಯವರು ಪರೀಕ್ಷೆ ಮಾಡಿ ಅಚ್ಚು ಹಾಕಿಸಿದ ಪುಸ್ತಕ. ಗುಂಡು ಕೂರಿಸುವ ಮೊದಲು ಪ್ರತಿ ತೋಟಾದೊಳಗೂ ಟಾರ್ಚ್ ಬಿಟ್ಟು ಇಬ್ಬರೂ ಇಣುಕಬೇಕು. ಒಮ್ಮೆ ಮಧ್ಯದಲ್ಲಿ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದರು. ಅವರನ್ನು ಕಳಿಸಿ ಬಂದ ಅತ್ತೆ ತುಂಬಿದ್ದನ್ನೆಲ್ಲ ಡಬ್ಬಕ್ಕೆ ವಾಪಸ್ ಸುರಿದರು.

"ಯಾವುದಕ್ಕೂ ಎರಡು ಸಲ ಹಾಕಿಲ್ಲ ಅತ್ತೆ, ನಂಗೊತ್ತು."

"ನಂಗೂ ಹಾಗೇ ಅನ್ಸುತ್ತೆ. ಅನ್ಸಿದ್ದನ್ನ ನಂಬ್ಕೊಂಡು ನಿನ್ನ ಮುಖದ ಪಕ್ಕ ಇಡಕ್ಕಾಗಲ್ಲ."

ಕ್ಲಬ್ಬಿನ ಹೆಂಗಸರ ಪಂದ್ಯದ ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ. ತೂತಿನ ಪಕ್ಕ ತೂತು. ಕೈ ಕಲ್ಲಿನ ಹಾಗೆ ನಿಂತಿತ್ತು. ಇನ್ನೊಂದು ಗುಂಡು ಹಾರಿಸಿ, ಖಾಲಿ ತೋಟಾ ಹೊರಬೀಳುವಂತೆ ಬೋಲ್ಟ್ ಎಳೆದು, ಮುಂದಿನ ತೋಟಾ ಹಾಕಲು ಹೊರಟೆ. ಹಿಂದೆ ನಿಂತಿದ್ದ ಅತ್ತೆಯ ಅಂಗೈ ನನ್ನ ಕೈ ಮೇಲೆ ಬಿತ್ತು.

"ಹಾಕ್ಬೇಡ. ಸದ್ದು ಸರಿ ಇಲ್ಲ."

ಕಿವಿ ಮುಚ್ಚಿಕೊಂಡಿದ್ದ ನನಗೆ ಏನೂ ತಿಳಿದಿರಲಿಲ್ಲ. ಮೊದಲೇ ಮೆತ್ತನೆ ತೋಟಾ, ಒದೆಯಲಿಲ್ಲವೆಂದೂ ಗೊತ್ತಾಗಿರಲಿಲ್ಲ. ಅತ್ತೆ ನಳಿಕೆಯೊಳಗೆ ಕಡ್ಡಿ ತೂರಿಸಿದರು. ಅದು ಅರ್ಧದಲ್ಲೇ ನಿಂತಿತು. ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ನಳಿಕೆ ಒಡೆಯುತ್ತಿತ್ತು.

ಅತ್ತೆ ನೇರ ಪಂದ್ಯ ನಡೆಸುವವರ ಹತ್ತಿರ ಹೋದರು. "ತೋಟಾ ತುಂಬಿದ್ದು ನಾನು, ತಪ್ಪು ನಂದು. ಇವಳ ಹೆಸರು ತೆಗೀರಿ."

"ಅತ್ತೆ, ನಾನೇ ಮುಂದಿದೀನಿ. ಡಬ್ಬದಲ್ಲಿ ಇನ್ನೂ ತೋಟಾ ಇದಾವಲ್ಲ," ಅಂದೆ, ಅಳು ಬಂದಿತ್ತು.

"ಆ ಡಬ್ಬದ್ದು ಒಂದೂ ಬೇಡ."

ವಾಪಸ್ ಬರುವಾಗ ಗಾಂಧಿ ಬಜಾರಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅವರೇ ಶುರು ಮಾಡಿದರು. "ನಿನ್ನ ಭುಜ ನೋಡಕ್ಕಾಗ್ತಿರ್ಲಿಲ್ಲ. ಇನ್ನೂ ಮೆತ್ತಗಿರ್ಲಿ ಅಂತ ಪುಸ್ತಕ ಹೇಳಿದ್ದಕ್ಕಿಂತ ಒಂಚೂರು ಇಳಿಸ್ಬಿಟ್ಟೆ. ಹೆಚ್ಚಾದ್ರೆ ಮಾತ್ರ ಅಲ್ಲ, ಕಡಿಮೆಯಾದ್ರೂ ಅಪಾಯಾನೇ, ಗುಂಡು ಹೊರಗೆ ಬರಕ್ಕೇ ಶಕ್ತಿ ಸಾಲಲ್ಲ. ಗೊತ್ತಿದ್ದೂ ಮಾಡ್ದೆ." ಆಮೇಲೆ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ಆದ್ರೂ ಏನ್ ಹೊಡೆದೆ ಕಣೇ ನೀನು!"

ಮುಂದಿನ ಸಲ ತೋಟಾಗಳು ಪುಸ್ತಕದಲ್ಲಿದ್ದಂತೆಯೇ ಇದ್ದವು. ಸ್ವಲ್ಪ ಒದ್ದವು, ನಾನು ಸಹಿಸಿಕೊಂಡೆ. ಗೆದ್ದೂ ಬಂದೆ. ಪದಕ ಅತ್ತೆಯ ಕೊರಳಿಗೆ ಹಾಕಿದಾಗ ಇಡೀ ಸಂಜೆ ತೆಗೆಯದೆ ಅಡುಗೆ ಮನೆಯಲ್ಲಿ ಓಡಾಡಿದರು.

ಅವರು ಹೋದ ವರ್ಷ ತೀರಿಕೊಂಡರು. ನಾನು ಇವತ್ತಿಗೂ ಭಾನುವಾರ ಕ್ಲಬ್ಬಿಗೆ ಹೋಗುತ್ತೇನೆ. ಗುರಿಯ ಕಾಗದ ಎರಡು ಕಣ್ಣಿಗೂ ನಿಚ್ಚಳವಾಗಿ ಕಾಣುತ್ತದೆ. ಆ ಕಣ್ಣುಗಳು ಅವತ್ತು ಅವರು ಉಳಿಸಿಕೊಟ್ಟವು.